ರಾತ್ರಿ ಪಾಳಿಗೆ ನರ್ಸ್ ವಾಪಸ್ ಬಂದರು: ನನ್ನ ಅನುಭವ

"ಹೆರಿಗೆ ಕಡಿಮೆ ಆಯ್ತು, ಅದಕ್ಕೇ ನರ್ಸ್ ತೆಗೆದ್ವಿ" ಅಂತ ಆರೋಗ್ಯ ಇಲಾಖೆಯವರು. "ನರ್ಸ್ ತೆಗೆದ್ರಿ, ಅದಕ್ಕೇ ಹೆರಿಗೆ ಕಡಿಮೆ ಆಯ್ತು" ಅಂತ ನಾವು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವಿಷಯದಲ್ಲಿ ಸುಮಾರು ಮೂರು ವರ್ಷ ನಡೆದ ಜಗಳ ಇಷ್ಟೇ. ಕೊನೆಗೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಅವರ ಪುಸ್ತಕದಿಂದಲೇ ತೋರಿಸಿದೆವು. ಇಬ್ಬರು ನರ್ಸ್ ವಾಪಸ್ ಬಂದರು. ರಾತ್ರಿ ಹೆರಿಗೆ ಮತ್ತೆ ಶುರುವಾಯಿತು.

ಇದನ್ನ ಬರೆಯೋಕೆ ಕಾರಣ ಇದೆ. ನಾನು ಮೊದಲ ಸಲ ಗೆದ್ದ ಗ್ರಾಮ ಪಂಚಾಯಿತಿ ಸದಸ್ಯೆ. 2020ರ ಡಿಸೆಂಬರ್ ಚುನಾವಣೆಯ ಬ್ಯಾಚು. "ಅಕ್ಕಾ, ಆರೋಗ್ಯ ಇಲಾಖೆ ನಮ್ಮ ಕೈಕೆಳಗೆ ಬರಲ್ಲ, ನೀವು ಚರಂಡಿ ನೋಡ್ಕೊಳಿ" ಅಂತ ನಮ್ಮ ಪಂಚಾಯಿತಿಯಲ್ಲೇ ಹೇಳಿದವರು ಎಷ್ಟೋ ಜನ. ಅವರೇ ಈಗ ಪಕ್ಕದ ತಾಲ್ಲೂಕಿನವರಿಗೆ ನನ್ನ ನಂಬರ್ ಕೊಡುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಗಂಟಲು ಕಟ್ಟಿದೆ. ಊರಿನ ಹೆಸರು ಬರೆಯೋದಿಲ್ಲ. ಡಾಕ್ಟರು, ನರ್ಸುಗಳು ಇನ್ನೂ ಅಲ್ಲೇ ಕೆಲಸ ಮಾಡುತ್ತಿದ್ದಾರೆ, ಅವರಿಗೆ ತೊಂದರೆ ಬೇಡ. ಮಲೆನಾಡಿನ ಒಂದು ತಾಲ್ಲೂಕು ಅಂತ ತಿಳಿದರೆ ಸಾಕು. ತಾಲ್ಲೂಕು ಆಸ್ಪತ್ರೆ ನಮಗೆ 38 ಕಿಲೋಮೀಟರ್. ಮಳೆಗಾಲದಲ್ಲಿ ಕಡಿಮೆ ಅಂದ್ರೂ ಒಂದು ಗಂಟೆ ಹತ್ತು ನಿಮಿಷ.

ಆಗಿದ್ದು ಏನು ಅಂದ್ರೆ, ನಮ್ಮದು 24 ಗಂಟೆ ಆಸ್ಪತ್ರೆ. ಮೂವರು ಸ್ಟಾಫ್ ನರ್ಸ್. 2021ರ ಕೊನೆಯಲ್ಲಿ ಒಬ್ಬರನ್ನ ಕೋವಿಡ್ ಕೆಲಸಕ್ಕೆ ಅಂತ ತಾಲ್ಲೂಕು ಆಸ್ಪತ್ರೆಗೆ ನಿಯೋಜನೆ ಮೇಲೆ (ಹುದ್ದೆ ಇಲ್ಲಿ, ಕೆಲಸ ಅಲ್ಲಿ) ಕರೆದುಕೊಂಡರು. ಕೋವಿಡ್ ಹೋಯಿತು, ನರ್ಸ್ ಬರಲಿಲ್ಲ. 2022ರ ಮಳೆಗಾಲಕ್ಕೆ ಎರಡನೆಯವರೂ ಹೋದರು. ದೀಪಾವಳಿ ಹೊತ್ತಿಗೆ ಮೂರನೆಯವರಿಗೆ ಹೆರಿಗೆ ರಜೆ. ಯಾರೂ "ಆಸ್ಪತ್ರೆ ಮುಚ್ಚಿದ್ದೇವೆ" ಅಂತ ಹೇಳಲಿಲ್ಲ. ಆದೇಶ ಇಲ್ಲ, ಸಭೆ ಇಲ್ಲ, ಬೋರ್ಡ್ ಕೂಡ ಹಾಗೇ ಇತ್ತು. ಸಂಜೆ ಐದಕ್ಕೆ ಡಿ ಗ್ರೂಪ್ ನೌಕರರು ಗೇಟಿಗೆ ಬೀಗ ಹಾಕುತ್ತಿದ್ದರು, ಅಷ್ಟೆ. ಗೇಟಿನ ಮೇಲೆ "24 ಗಂಟೆ ಹೆರಿಗೆ ಸೌಲಭ್ಯ" ಅಂತ ಹಸಿರು ಬಣ್ಣದ ಅಕ್ಷರ.

ಮೊದಲು ಸೋತಿದ್ದನ್ನ ಹೇಳುತ್ತೇನೆ. ಜಾಸ್ತಿ ಕಲಿತಿದ್ದು ಅಲ್ಲೇ.

ಎಲ್ಲರಂತೆ ಮನವಿ ಪತ್ರದಿಂದ ಶುರು ಮಾಡಿದೆ. 600 ಚಿಲ್ಲರೆ ಸಹಿ. ಶಾಸಕರು ಸೇತುವೆ ಪೂಜೆಗೆ ಬಂದಾಗ ಕೊಟ್ಟೆವು. ಫೋಟೋ ಪೇಪರಿನಲ್ಲಿ ಬಂತು. ಮನವಿಯ ಇನ್ನೊಂದು ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳಬೇಕು ಅನ್ನೋದೂ ಗೊತ್ತಿರಲಿಲ್ಲ. ಆರು ತಿಂಗಳ ಮೇಲೆ ಕೇಳಿದರೆ ಅಂಥ ಪತ್ರವೇ ಬಂದಿಲ್ಲ ಅಂದರು.

ಆಮೇಲೆ ರಸ್ತೆ ತಡೆ. ಇದು ನನ್ನ ಐಡಿಯಾ ಅಲ್ಲ, ಆದರೆ ನಾನೂ ಕೂತಿದ್ದೆ. ಫ್ಲೆಕ್ಸಿಗೆ 1,800 ರೂಪಾಯಿ, ಮೈಕಿಗೆ ಸಾವಿರ, ಊಟಕ್ಕೆ ಯಾರೋ ಅಕ್ಕಿ ಕೊಟ್ಟರು. ಮಧ್ಯಾಹ್ನ ಆರೋಗ್ಯಾಧಿಕಾರಿ ಬಂದು "15 ದಿನದಲ್ಲಿ ಸರಿ ಮಾಡ್ತೀವಿ" ಅಂದರು, ಎದ್ದೆವು. 15 ದಿನಕ್ಕೆ ಬಂದಿದ್ದು ನರ್ಸ್ ಅಲ್ಲ, ನಾಲ್ಕು ಹುಡುಗರ ಮೇಲೆ ಕೇಸು. ವಕೀಲರ ಫೀಸು ಅಂತ ಪಟ್ಟಿ ಹಾಕಿ ವಸೂಲಿ ಮಾಡಿದೆವು. ನನ್ನ ಪಾಲಿಗೆ ಆರು ಸಾವಿರದ ಹತ್ತಿರ ಬಂತು. ಅವತ್ತು ಮನೆಯಲ್ಲಿ ಮಾತು ಕೇಳಬೇಕಾಯಿತು.

ಮೂರನೆಯದು ಮಾಹಿತಿ ಹಕ್ಕು. ಗೊತ್ತಲ್ವಾ, ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. ನಾನು ನರ್ಸು, ಔಷಧ, ಆಂಬ್ಯುಲೆನ್ಸು ಎಲ್ಲ ಸೇರಿಸಿ ಎರಡು ಪುಟ ಬರೆದಿದ್ದೆ. ವಾಪಸ್. ಎರಡನೇ ಸಲ ಸರಿಯಾಗಿ ಬರೆದೆ. ಪುಟಕ್ಕೆ 2 ರೂಪಾಯಿಯಂತೆ ಇನ್ನೂರು ಪುಟದ ಹತ್ತಿರ ಕಟ್ಟಿ ತಂದೆ. ಬಿಚ್ಚಿ ನೋಡಿದರೆ ನಾನು ಕೇಳಿದ ವರ್ಷದ್ದಲ್ಲ, ಹಿಂದಿನ ವರ್ಷದ್ದು. ತಪ್ಪು ನನ್ನದೇ. "ಕಳೆದ ವರ್ಷ" ಅಂತ ಬರೆದಿದ್ದೆ. ಏಪ್ರಿಲ್‌ನಿಂದ ಮಾರ್ಚ್ ಅಂತ ಇಸವಿ ಹಾಕಿ ಬರೆಯಬೇಕಿತ್ತು. ಆದರೆ ಆ ರಾಶಿ ವ್ಯರ್ಥ ಆಗಲಿಲ್ಲ, ಮುಂದೆ ಹೇಳುತ್ತೇನೆ.

ನಾಲ್ಕನೆಯದು ನಮ್ಮದೇ ಪಂಚಾಯಿತಿ ಠರಾವು. ಬಹಳ ಹೆಮ್ಮೆಯಿಂದ ಪಾಸು ಮಾಡಿಸಿದೆ. ನಡಾವಳಿ ಪುಸ್ತಕದಲ್ಲಿ ಬರೆದಿದ್ದು ಇಷ್ಟು: "ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ ಕೊರತೆ ಕುರಿತು ಸುದೀರ್ಘವಾಗಿ ಚರ್ಚಿಸಲಾಯಿತು." ಚರ್ಚಿಸಲಾಯಿತು ಅಂದ ಮೇಲೆ ಮುಗೀತು. ಯಾರೂ ಏನೂ ಮಾಡಬೇಕಾಗಿಲ್ಲ. ಆ ಒಂದು ಕ್ರಿಯಾಪದ ನನ್ನ ಏಳು ತಿಂಗಳು ತಿಂದಿತು. ಈಗ ನಮ್ಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) "ಚರ್ಚಿಸಲಾಯಿತು" ಅಂತ ಬರೆಯೋಕೆ ಹೋದರೆ ನನ್ನ ಮುಖ ನೋಡುತ್ತಾರೆ.

ಮೊದಲಾಗಿದ್ದರೆ ಜಿಲ್ಲಾ ಪಂಚಾಯಿತಿ ಸದಸ್ಯರ ಮನೆಗೆ ಹೋಗಬಹುದಿತ್ತು. ಅಲ್ಲಿ ಶಿಕ್ಷಣ ಮತ್ತು ಆರೋಗ್ಯಕ್ಕೇ ಒಂದು ಸ್ಥಾಯಿ ಸಮಿತಿ ಇರುತ್ತದೆ, ಅಧಿಕಾರಿಗಳನ್ನ ಕೂರಿಸಿ ಕೇಳಬಹುದು. ನಮ್ಮ ರಾಜ್ಯದಲ್ಲಿ 2021ರಲ್ಲಿ ಅವಧಿ ಮುಗಿದ ಮೇಲೆ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಲ್ಲಿ ಕುರ್ಚಿ ಇತ್ತು, ಸದಸ್ಯರಿರಲಿಲ್ಲ. ಆಡಳಿತಾಧಿಕಾರಿ ಇದ್ದರು, ಅಷ್ಟೆ. ಪಂಚಾಯಿತಿ ಕಡೆಯಿಂದ ಕೇಳೋಕೆ ಉಳಿದಿದ್ದು ನಾವೊಬ್ಬರೇ. ಪಂಚಾಯಿತಿಗೆ ಕೊಡಬಹುದಾದ ವಿಷಯಗಳ ಪಟ್ಟಿ ಇರುವ ಸಂವಿಧಾನದ ಹನ್ನೊಂದನೇ ಅನುಸೂಚಿಯ 23ನೇ ವಿಷಯದಲ್ಲಿ "ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ" ಅಂತ ಸ್ಪಷ್ಟವಾಗಿದೆ. ಅದನ್ನ ಜೆರಾಕ್ಸ್ ಮಾಡಿ ಫೈಲಿನ ಮೊದಲ ಹಾಳೆ ಮಾಡಿದ್ದೆ. ಯಾರೂ ಓದಲಿಲ್ಲ, ಆದರೆ ಫೈಲು ದಪ್ಪ ಕಾಣುತ್ತಿತ್ತು.

ದಾರಿ ಸಿಕ್ಕಿದ್ದು ಆಶಾ ಕಾರ್ಯಕರ್ತೆ ಒಬ್ಬರ ಮನೆಯ ಜಗಲಿಯಲ್ಲಿ. ನಾನು ಗ್ರಾಮ ಆರೋಗ್ಯ ನೈರ್ಮಲ್ಯ ಸಮಿತಿ ಅಧ್ಯಕ್ಷೆ, ಅವರು ಕಾರ್ಯದರ್ಶಿ. ವರ್ಷದ 10,000 ರೂಪಾಯಿಯ ಲೆಕ್ಕ ಬರೆಯೋಕೆ ಕೂತಿದ್ದೆವು. ಅವರ ಚೀಲದಲ್ಲಿ ಒಂದು ಹಳೇ ನೋಟ್‌ಬುಕ್. ತಾಯಿ ಕಾರ್ಡ್ (ಗರ್ಭಿಣಿಯರಿಗೆ ಕೊಡೋ ಕಾರ್ಡು) ಮಾಡಿಸಿದ ಪ್ರತಿ ಹೆಂಗಸಿಗೂ ಒಂದು ಸಾಲು. ಕೊನೇ ಕಾಲಂ "ಎಲ್ಲಿ ಹೆರಿಗೆ". ಪುಟ ತಿರುಗಿಸಿದರೆ ಕಣ್ಣಿಗೆ ರಾಚುತ್ತಿತ್ತು. ಮೊದಲ ಪುಟಗಳಲ್ಲಿ "ನಮ್ಮ ಆಸ್ಪತ್ರೆ, ನಮ್ಮ ಆಸ್ಪತ್ರೆ, ತಾಲ್ಲೂಕು, ನಮ್ಮ ಆಸ್ಪತ್ರೆ". ಕೊನೆಯ ಪುಟಗಳಲ್ಲಿ "ತಾಲ್ಲೂಕು, ತಾಲ್ಲೂಕು, ಪ್ರೈವೇಟು, ದಾರಿಯಲ್ಲಿ, ತಾಲ್ಲೂಕು". ಆ "ದಾರಿಯಲ್ಲಿ" ಅನ್ನೋದನ್ನ ಪೆನ್ಸಿಲಿನಲ್ಲಿ ಬರೆದಿದ್ದರು. ಯಾಕೆ ಅಂತ ಕೇಳಿದೆ. "ಆ ಥರ ಬರೆಯೋಕೆ ಕಾಲಂ ಇಲ್ಲ ಅಕ್ಕ, ಮೇಲಿನವರು ನೋಡಿದರೆ ಬೈತಾರೆ" ಅಂದರು.

ಅವತ್ತೇ ಗೋಡೆ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾಲ್ಕು ಗೆರೆ ಎಳೆದೆ. ತಿಂಗಳು. ನಮ್ಮ ಆಸ್ಪತ್ರೆ ವ್ಯಾಪ್ತಿಯಲ್ಲಿ ಒಟ್ಟು ಹೆರಿಗೆ ಎಷ್ಟು. ಅದರಲ್ಲಿ ನಮ್ಮ ಆಸ್ಪತ್ರೆಯಲ್ಲಿ ಎಷ್ಟು. ಆ ತಿಂಗಳು ರಾತ್ರಿ ಪಾಳಿಗೆ ನರ್ಸ್ ಎಷ್ಟು ಜನ. ಹೆಸರಿಲ್ಲ, ಮನೆ ವಿವರ ಇಲ್ಲ, ಬರೀ ಎಣಿಕೆ. ಹೆಂಗಸರ ಹೆಸರನ್ನ ಸಭೆಗೆ ತರೋದು ನನಗಂತೂ ಸರಿ ಕಾಣಲ್ಲ, ನೀವೂ ತರಬೇಡಿ.

ಎರಡನೇ ಕಾಲಂ ತುಂಬೋಕೇ ಮೂರು ತಿಂಗಳು ಹಿಡೀತು. ಆಸ್ಪತ್ರೆ ವ್ಯಾಪ್ತಿ ಅಂದ್ರೆ ಮೂರು ಪಂಚಾಯಿತಿ, 20 ಸಾವಿರದ ಹತ್ತಿರ ಜನ. ಹದಿನೇಳೋ ಹದಿನೆಂಟೋ ಆಶಾಗಳು. ಎಲ್ಲರನ್ನೂ ಮಾತಾಡಿಸಬೇಕು, ಬಸ್ಸಿಲ್ಲದ ಕಡೆ ಬೈಕಿನಲ್ಲಿ ಯಾರಾದರೂ ಬಿಡಬೇಕು. ಮೂರನೇ ಕಾಲಮಿಗೆ ಆ ತಪ್ಪು ವರ್ಷದ ಜೆರಾಕ್ಸ್ ರಾಶಿ ಉಪಯೋಗಕ್ಕೆ ಬಂತು. ನರ್ಸ್ ಹೋಗೋಕೆ ಮುಂಚಿನ ಹೆರಿಗೆ ರಿಜಿಸ್ಟರ್ ಅದರಲ್ಲಿತ್ತು! ಅದಿಲ್ಲದಿದ್ದರೆ "ಮೊದಲು" ಅನ್ನೋದಕ್ಕೆ ಆಧಾರವೇ ಇರುತ್ತಿರಲಿಲ್ಲ. ನಾಲ್ಕನೇ ಕಾಲಂ ಹೇಗೆ ತುಂಬಿದೆ, ಸಂಬಳ ಎಲ್ಲಿ ಆಗುತ್ತಿತ್ತು, ಕೆಲಸ ಎಲ್ಲಿ ಮಾಡುತ್ತಿದ್ದರು ಅನ್ನೋ ಕಾಗದ ಹೇಗೆ ಸಿಕ್ಕಿತು ಅನ್ನೋದನ್ನ ಇಲ್ಲಿ ಬರೆಯಲ್ಲ. ಕೊಟ್ಟವರು ಒಳ್ಳೆಯವರು. ಅಷ್ಟು ಸಾಕು.

ತುಂಬಿದ ಮೇಲೆ ಕ್ಯಾಲೆಂಡರ್ ತಾನೇ ಮಾತಾಡಿತು. ಒಟ್ಟು ಹೆರಿಗೆ ತಿಂಗಳಿಗೆ 18ರಿಂದ 22. ಮೂರು ವರ್ಷವೂ ಹಾಗೇ, ಏನೂ ಬದಲಾಗಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಮೊದಲು 9, 10, ಒಮ್ಮೊಮ್ಮೆ 11. ಮೊದಲ ನರ್ಸ್ ಹೋದ ಎರಡನೇ ತಿಂಗಳಿಗೆ 5. ಎರಡನೆಯವರು ಹೋದ ಮೇಲೆ 1 ಅಥವಾ 2. ಆಮೇಲೆ ಸೊನ್ನೆ, ಸೊನ್ನೆ, ಸೊನ್ನೆ. ನೆನಪಿನಿಂದ ಬರೆಯುತ್ತಿದ್ದೇನೆ, ಒಂದೆರಡು ಆಚೀಚೆ ಇರಬಹುದು. ಯಾವುದು ಮುಂಚೆ ಇಳೀತು, ಯಾವುದು ಆಮೇಲೆ ಇಳೀತು ಅನ್ನೋದು ಮಕ್ಕಳಿಗೂ ಗೊತ್ತಾಗುವಂತಿತ್ತು.

ಇಲ್ಲೇ ಒಂದು ದೊಡ್ಡ ಎಡವಟ್ಟು ಮಾಡಿದೆ. ಹಾಜರಿ ಪುಸ್ತಕ ನೋಡುವಾಗ ಒಂದು ತಿಂಗಳು ಡಾಕ್ಟರು ಎಂಟು ದಿನ ಇಲ್ಲ ಅಂತ ಕಂಡಿತು. ಸಿಟ್ಟು ಬಂತು. ನಮ್ಮ ಪಂಚಾಯಿತಿಯ ಕೆಡಿಪಿ ಸಭೆಯಲ್ಲಿ, ಅಂದ್ರೆ ಇಲಾಖೆಗಳ ಕೆಲಸ ಪರಿಶೀಲಿಸೋ ಸಭೆಯಲ್ಲಿ, ಎಲ್ಲರೆದುರು ಜಾಡಿಸಿದೆ. ಅವರು ಸುಮ್ನೆ ಕೂತು ಕೇಳಿದರು. ಆಮೇಲೆ ತೋರಿಸಿದರು. ಅದು ಮಂಗನ ಕಾಯಿಲೆ ಸೀಸನ್. ಕಾಡಂಚಿನ ಹಳ್ಳಿಗಳಿಗೆ ರಕ್ತದ ಮಾದರಿ ತೆಗೆಯೋಕೆ ಅವರನ್ನೇ ಕಳಿಸಿದ್ದರು. ಆದೇಶದ ಪ್ರತಿ ಜೇಬಿನಲ್ಲೇ ಇತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಕಾಯಿಲೆ, ಇವತ್ತಿಗೂ ಬೇಸಿಗೆ ಬಂದರೆ ನಮ್ಮ ಡಾಕ್ಟರನ್ನ ಕಾಡು ಸುತ್ತಿಸುತ್ತದೆ. ಮುಂದಿನ ಸಭೆಯಲ್ಲಿ ಎದ್ದು ನಿಂತು ತಪ್ಪಾಯಿತು ಅಂದೆ, ಅದನ್ನೂ ನಡಾವಳಿಯಲ್ಲಿ ಬರೆಸಿದೆ. ಕೆಲವರು ನಕ್ಕರು. ಆದರೆ ಅವತ್ತು ಸಭೆ ಮುಗಿದ ಮೇಲೆ ಡಾಕ್ಟರು ಬಂದು, "ಮೇಡಂ, ನನ್ನ ಬೈದರೆ ನರ್ಸ್ ಬರಲ್ಲ. ಲೇಬರ್ ರೂಮ್ ಒಂದು ಸಲ ರಾತ್ರಿ ಬಂದು ನೋಡಿ" ಅಂದರು.

ಹೋದೆ. ಆಷಾಢದ ಮಳೆ, ಕರೆಂಟ್ ಇಲ್ಲ. ಇನ್ವರ್ಟರ್ ಇತ್ತು, ಅದರ ಎರಡು ಬ್ಯಾಟರಿ ಊದಿಕೊಂಡು ಸತ್ತು ವರ್ಷವಾಗಿತ್ತು. ತುಕ್ಕು ಹಿಡಿದ ಟರ್ಮಿನಲ್ ಮೇಲೆ ಬಿಳಿ ಹಿಟ್ಟು. ಹಿಂದೆ ಒಂದು ಹೆರಿಗೆಯನ್ನ ಡಿ ಗ್ರೂಪ್ ಅಮ್ಮ ಮೊಬೈಲ್ ಟಾರ್ಚ್ ಹಿಡಿದು ಮಾಡಿಸಿದ್ದರಂತೆ. ನರ್ಸ್ ಕ್ವಾರ್ಟರ್ಸಿನಲ್ಲಿ ಅಡುಗೆಮನೆ ಮೂಲೆಯಲ್ಲಿ ಬಕೆಟ್ ಇಟ್ಟಿದ್ದರು, ಸೋರುತ್ತಿತ್ತು. ಹಿಂದಿನ ಬಾಗಿಲಿಗೆ ಚಿಲಕ ಇಲ್ಲ, ಒಳಗಿನಿಂದ ಕಲ್ಲು ಒರಗಿಸಿದ್ದರು. ನಾನು ಅಲ್ಲಿವರೆಗೂ ನರ್ಸುಗಳನ್ನ ಎಳೆದುಕೊಂಡು ಹೋದರು ಅಂತ ತಿಳಿದಿದ್ದೆ. ಆ ಕಲ್ಲು ನೋಡಿದ ಮೇಲೆ ಗೊತ್ತಾಯಿತು, ಅವರೂ ಹೊರಡೋಕೆ ಕಾಯುತ್ತಿದ್ದರು. ರಾತ್ರಿ ಒಬ್ಬಳೇ ಹೆಂಗಸು, ಕರೆಂಟಿಲ್ಲ, ಚಿಲಕ ಇಲ್ಲ. ನನ್ನ ಮಗಳಾಗಿದ್ದರೆ ನಾನೂ ಬಿಡುತ್ತಿರಲಿಲ್ಲ.

ಹಾಗಾಗಿ ದುಡ್ಡಿನ ಹಿಂದೆ ಬಿದ್ದೆ. ಆಸ್ಪತ್ರೆಯ ಸಣ್ಣಪುಟ್ಟ ಖರ್ಚು ನೋಡೋ ಆರೋಗ್ಯ ರಕ್ಷಾ ಸಮಿತಿಯ ಪಾಸ್‌ಬುಕ್ ತೋರಿಸಿ ಅಂದೆ. ಲೆಕ್ಕದ ಪ್ರಕಾರ ವರ್ಷಕ್ಕೆ 1.75 ಲಕ್ಷದವರೆಗೆ ಬರುವಂಥದ್ದು, ಪೂರ್ತಿ ಯಾವಾಗಲೂ ಬರಲ್ಲ. ಬಂದಿದ್ದರಲ್ಲೂ ಬಣ್ಣ, ಬೋರ್ಡು, ಪ್ರಿಂಟಿಂಗ್ ಖರ್ಚೇ ಜಾಸ್ತಿ. 90 ಸಾವಿರದ ಹತ್ತಿರ ಖರ್ಚಾಗದೇ ಕೂತಿತ್ತು. ಯಾಕೆ? ಸಮಿತಿ ಸಭೆಯೇ ಸೇರಿಲ್ಲ, ಠರಾವಿಲ್ಲ, ಆಡಿಟ್ ಭಯ. ಸಭೆ ಸೇರಿಸಿದೆವು. ಎರಡು ಟ್ಯೂಬುಲರ್ ಬ್ಯಾಟರಿ, ಹಳೇದು ಕೊಟ್ಟ ಮೇಲೆ 27 ಸಾವಿರ ಚಿಲ್ಲರೆ. ಮೂರು ಕೊಟೇಶನ್ ತರೋಕೆ ಅರ್ಧ ದಿನ. ಕ್ವಾರ್ಟರ್ಸ್ ರಿಪೇರಿಗೆ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಇಡೋಣ ಅಂದರೆ ಪಿಡಿಒ ಹೆದರಿದರು, ಕ್ರಿಯಾಯೋಜನೆಯಲ್ಲಿ ಇಲ್ಲ ಅಂದರು. ಕೊನೆಗೆ ಪಂಚಾಯಿತಿ ಸ್ವಂತ ನಿಧಿಯಲ್ಲಿ 40 ಸಾವಿರದ ಒಳಗೆ ಶೀಟು, ಚಿಲಕ, ಬಚ್ಚಲು ಮುಗಿಸಿದೆವು. ಒಬ್ಬ ಸದಸ್ಯರು "ಸರ್ಕಾರದ ಕಟ್ಟಡಕ್ಕೆ ನಮ್ಮ ಕಂದಾಯ ಯಾಕೆ" ಅಂತ ಆಕ್ಷೇಪ ಬರೆಸಿದರು. ಅವರ ಮನೆ ಆಸ್ಪತ್ರೆಯಿಂದ ಅರ್ಧ ಫರ್ಲಾಂಗು.

ಈಗ ಮುಖ್ಯ ವಿಷಯ. ಕ್ಯಾಲೆಂಡರ್ ಇದ್ದರೆ ಸಾಲದು, ಅದನ್ನ ಕಾಗದ ಮಾಡಬೇಕು. ನಾನು ಮಾಡಿದ್ದು ಇಷ್ಟು. ಪ್ರತಿ ತಿಂಗಳ ಸಾಮಾನ್ಯ ಸಭೆಯಲ್ಲಿ ಒಂದೇ ಪ್ರಶ್ನೆ. ಎರಡಲ್ಲ. "ಮಂಜೂರಾದ ಮೂವರು ಸ್ಟಾಫ್ ನರ್ಸ್‌ಗಳಲ್ಲಿ ಈ ತಿಂಗಳು ರಾತ್ರಿ ಪಾಳಿ ಮಾಡಿದವರು ಎಷ್ಟು ಜನ, ಉಳಿದವರು ಯಾವ ಆದೇಶದ ಮೇಲೆ ಎಲ್ಲಿದ್ದಾರೆ?" ಕೆಳಗೆ, "ಮುಂದಿನ ಸಭೆಗೆ ಲಿಖಿತ ಉತ್ತರ ಒದಗಿಸಲು ಕೋರಿ ಪತ್ರ ಬರೆಯಲು ತೀರ್ಮಾನಿಸಲಾಯಿತು." ಆ ಪತ್ರ ಆರೋಗ್ಯ ಇಲಾಖೆಗೆ ಟಪಾಲಿನಲ್ಲಿ ಹೋಗಬೇಕು, ಸ್ವೀಕೃತಿ ಸಂಖ್ಯೆ ಮುಂದಿನ ತಿಂಗಳ ನಡಾವಳಿಯಲ್ಲಿ ಬರಬೇಕು. ಉತ್ತರ ಬರದಿದ್ದರೆ "ಉತ್ತರ ಬಂದಿಲ್ಲ, ಇದು ಮೂರನೇ ನೆನಪೋಲೆ" ಅಂತ ಬರೆಸಬೇಕು. ಮೊದಲ ನಾಲ್ಕು ತಿಂಗಳು ಏನೂ ಬರಲಿಲ್ಲ. ಸದಸ್ಯರೆಲ್ಲ ನಗುತ್ತಿದ್ದರು. ಆರೋಗ್ಯ ವಿಷಯ ಬಂತು ಅಂದರೆ ಚಹಾಕ್ಕೆ ಏಳುತ್ತಿದ್ದರು. ಐದನೇ ತಿಂಗಳು ಒಂದು ಸಾಲಿನ ಉತ್ತರ ಬಂತು: "ಹೆರಿಗೆ ಪ್ರಮಾಣ ಕಡಿಮೆ ಇರುವುದರಿಂದ." ನನಗೆ ಬೇಕಾಗಿದ್ದೇ ಅದು. ಬಾಯಿಮಾತಲ್ಲಿ ಹೇಳಿದ್ದನ್ನ ಸಹಿ ಮಾಡಿ ಕೊಟ್ಟಿದ್ದರು.

ಇನ್ನೊಂದು, ಒಂದೇ ಪಂಚಾಯಿತಿ ಕೂಗಿದರೆ "ನಿಮ್ಮದೊಂದೇ ತಕರಾರು" ಅನ್ನುತ್ತಾರೆ. ಆಸ್ಪತ್ರೆಗೆ ಸೇರಿದ ಮೂರೂ ಪಂಚಾಯಿತಿ ಒಂದೇ ವಾರದಲ್ಲಿ ಅಕ್ಷರ ಬದಲಿಸದೆ ಅದೇ ಠರಾವು ಮಾಡಬೇಕು. ಮೂರರಲ್ಲಿ ಒಂದು ನಮ್ಮ ಎದುರು ಪಕ್ಷದವರದು. ಅಲ್ಲಿಯ ಅಧ್ಯಕ್ಷರನ್ನ ಹೇಗೆ ಒಪ್ಪಿಸಿದೆ ಅನ್ನೋದು ನನ್ನ ಗುಟ್ಟು. ಅವರ ಸೊಸೆ ತುಂಬು ಗರ್ಭಿಣಿ ಆಗಿದ್ದರು ಅಂತ ಮಾತ್ರ ಹೇಳುತ್ತೇನೆ.

ಜೊತೆಗೆ ಇನ್ನೊಂದು ಪುಸ್ತಕ ಇಟ್ಟೆವು. ರಾತ್ರಿ ನೋವು ಬಂದು ಹೊರಟವರ ಲೆಕ್ಕ. ಫೋನ್ ಮಾಡಿದ್ದು ಎಷ್ಟೊತ್ತಿಗೆ, ಗಾಡಿ ಬಂದಿದ್ದು ಎಷ್ಟೊತ್ತಿಗೆ, ಯಾರ ಗಾಡಿ, ಎಷ್ಟು ದುಡ್ಡು. 108 ಆಂಬ್ಯುಲೆನ್ಸ್ ಸಿಕ್ಕಿದರೆ ಪುಕ್ಕಟೆ, ಆದರೆ ನಮ್ಮ ಕಡೆ ನೆಟ್‌ವರ್ಕ್ ಗೊತ್ತಲ್ಲ. ಗುಡ್ಡ ಹತ್ತಿ ಫೋನ್ ಮಾಡಬೇಕು. ಒಂದು ವರ್ಷದಲ್ಲಿ ಬಾಡಿಗೆ ಗಾಡಿಯಲ್ಲಿ ಹೋದವರು ಮೂವತ್ತರ ಮೇಲೆ. ಒಂದು ಸಲಕ್ಕೆ 2,000ದಿಂದ 3,000. ಒಟ್ಟು ಹಾಕಿದರೆ 75 ಸಾವಿರ ದಾಟಿತು. 2011ರಿಂದಲೂ ಸರ್ಕಾರಿ ಆಸ್ಪತ್ರೆ ಹೆರಿಗೆಗೆ ಹೋಗಿಬರುವ ಗಾಡಿ ಸಮೇತ ಎಲ್ಲ ಉಚಿತ ಅಂತ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಹೇಳುತ್ತದೆ. ಆ ಪೋಸ್ಟರ್ ನಮ್ಮ ಆಸ್ಪತ್ರೆ ಗೋಡೆ ಮೇಲೇ ಇದೆ.

ಮಧ್ಯದಲ್ಲಿ ಬೇರೆ ಪ್ರಯೋಗಗಳೂ ನಡೆದವು. ವಾಟ್ಸಾಪ್ ಗುಂಪು ಮಾಡಿ ದೂರು ಹಾಕಿ ಅಂದೆ. ಎರಡು ವಾರಕ್ಕೆ ಶುಭೋದಯ, ಅಡಿಕೆ ರೇಟು, ಯಾರದೋ ಕಳೆದ ಎಮ್ಮೆ. ಮುಚ್ಚಿದೆ. ಸಲಹಾ ಪೆಟ್ಟಿಗೆ ಇಟ್ಟೆವು, ಅದರಲ್ಲಿ ಕಣಜ ಗೂಡು ಕಟ್ಟಿತು. ಬಸ್ಸಿನ ಪ್ರಯೋಗ ಮಾತ್ರ ಗೆದ್ದಿತು. ಹೊರರೋಗಿಗಳು ಕಡಿಮೆ ಅಂತ ಅವರು ಹೇಳುತ್ತಿದ್ದರು. ರಿಜಿಸ್ಟರ್ ನೋಡಿದರೆ ಹನ್ನೆರಡರ ಮೇಲೆ ಯಾರೂ ಇಲ್ಲ. ಯಾಕೆ ಅಂದ್ರೆ ಮೇಲಿನ ಊರುಗಳಿಗೆ ವಾಪಸ್ ಹೋಗೋ ಬಸ್ಸು 12.10ಕ್ಕೆ. ಡಿಪೋಗೆ ಮೂರು ಸಲ ಓಡಾಡಿ ಅದನ್ನ 12.50 ಮಾಡಿಸಿದೆ. 40 ನಿಮಿಷ ಅಷ್ಟೆ. ದಿನಕ್ಕೆ 35 ಚೀಟಿ ಆಗುತ್ತಿದ್ದಲ್ಲಿ 50ರ ಹತ್ತಿರ ಬಂತು. ಆರೋಗ್ಯ ಇಲಾಖೆಗೆ ಒಂದು ರೂಪಾಯಿ ಖರ್ಚಿಲ್ಲ.

ಹಾವಿನ ಕಡಿತದ್ದೂ ಕೇಳಿ. ಎಎಸ್‌ವಿ (ಹಾವಿನ ವಿಷಕ್ಕೆ ಕೊಡೋ ಚುಚ್ಚುಮದ್ದು) ಸ್ಟಾಕ್ ಎಷ್ಟು ಅಂತ ಕೇಳಿದರೆ "ಇದೆ" ಅಂತ ಉತ್ತರ. ಎಷ್ಟು ಅಂದರೆ ನಾಲ್ಕು ವಯಲ್, ಅಂದ್ರೆ ನಾಲ್ಕು ಸಣ್ಣ ಸೀಸೆ. ಒಬ್ಬರಿಗೆ ಮೊದಲ ಸಲಕ್ಕೇ 8ರಿಂದ 10 ಬೇಕು. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ ಮೇಲೆ ಈ ಪ್ರಶ್ನೆ ಕೇಳೋದು ಸುಲಭ ಆಯಿತು. ಈಗ 20ರ ಹತ್ತಿರ ಇಡುತ್ತಾರೆ. "ಇದೆಯಾ" ಅಂತ ಕೇಳಬೇಡಿ, "ಎಷ್ಟಿದೆ, ಅವಧಿ ಯಾವಾಗ ಮುಗಿಯುತ್ತೆ" ಅಂತ ಕೇಳಿ.

ಇದೇ ಹೊತ್ತಿಗೆ ನೆಂಟರ ಮನೆ ಗೃಹಪ್ರವೇಶಕ್ಕೆ ಮಂಜೇಶ್ವರದ ಕಡೆ ಹೋಗಿದ್ದೆ. ಕಾಸರಗೋಡಿನ ನಮ್ಮ ಕನ್ನಡದವರು. ಅಲ್ಲಿ ಪಂಚಾಯಿತಿ ಸದಸ್ಯೆಯೊಬ್ಬರು ಊಟಕ್ಕೆ ಪಕ್ಕದಲ್ಲಿ ಕೂತರು. ನಾನು ನನ್ನ ಗೋಳು ಹೇಳಿದೆ. ಅವರಿಗೆ ಅರ್ಥವೇ ಆಗಲಿಲ್ಲ. "ಆಸ್ಪತ್ರೆ ಪಂಚಾಯತಿದೇ ಅಲ್ವಾ?" ಅಂದರು. ಕೇರಳದಲ್ಲಿ ತೊಂಬತ್ತರ ದಶಕದಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನ ಪಂಚಾಯಿತಿಗೆ ಕೊಟ್ಟಿದ್ದಾರೆ. ಆಸ್ಪತ್ರೆ ನಿರ್ವಹಣಾ ಸಮಿತಿಗೆ ಪಂಚಾಯಿತಿ ಅಧ್ಯಕ್ಷರೇ ಅಧ್ಯಕ್ಷರು. ಹೊಟ್ಟೆ ಉರಿಯಿತು ಅಂತ ಸುಳ್ಳು ಹೇಳದೆ ಬರೆಯುತ್ತೇನೆ. ಹೋಳಿಗೆ ಎರಡೇ ತಿಂದೆ.

ನನ್ನ ತಂಗಿ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿಯ ಕೌನ್ಸಿಲುಗಳಲ್ಲಿ ಆರೋಗ್ಯ ಪರಿಶೀಲನೆಗೇ ಸಮಿತಿ ಇರುತ್ತೆ, ಆಸ್ಪತ್ರೆಯಲ್ಲಿ ದೊಡ್ಡ ಬದಲಾವಣೆ ಮಾಡೋ ಮುಂಚೆ ಆ ಸಮಿತಿಯನ್ನ ಕೇಳಬೇಕು ಅಂದ. ಒಪ್ಪಿಗೆ ಆಗದಿದ್ದರೆ ನೇರ ಮಂತ್ರಿಗೆ ಕಳಿಸೋ ಅಧಿಕಾರವೂ ಇತ್ತಂತೆ, 2024ರ ಜನವರಿ ಕೊನೆಗೆ ಅದನ್ನ ತೆಗೆದರಂತೆ. ಅಲ್ಲೂ ಹಾಗೇ ಅಂತ ಆಯ್ತು. ಆದರೆ "ಮುಂಚೆ" ಅನ್ನೋ ಮಾತು ತಲೆಯಲ್ಲಿ ಉಳಿಯಿತು. ನಮ್ಮ ಮುಂದಿನ ಠರಾವಿಗೆ ಒಂದು ಸಾಲು ಸೇರಿಸಿದೆ: ಸಿಬ್ಬಂದಿಯನ್ನ ನಿಯೋಜನೆ ಮಾಡುವ 15 ದಿನ ಮುಂಚೆ ಪಂಚಾಯಿತಿಗೆ ತಿಳಿಸಬೇಕು. ಕಾನೂನಿನಲ್ಲಿ ಅವರು ಹಾಗೆ ಮಾಡಬೇಕಿಲ್ಲ. ಬರೆದು ಕೊಡಲೂ ಇಲ್ಲ. ಆದರೆ ಈಗ ಫೋನ್ ಮಾಡಿ ಹೇಳುತ್ತಾರೆ.

ಫಲ ಸಿಕ್ಕಿದ್ದು 2024ರ ಮಳೆಗಾಲದಲ್ಲಿ, ತಾಲ್ಲೂಕು ಕೆಡಿಪಿ ಸಭೆಯಲ್ಲಿ. ನಮ್ಮಂಥವರಿಗೆ ಅಲ್ಲಿ ಕುರ್ಚಿ ಇಲ್ಲ. ಮೂರೂ ಪಂಚಾಯಿತಿ ಠರಾವು, ಹತ್ತು ತಿಂಗಳ ಟಪಾಲು ಸಂಖ್ಯೆ, ಆ ಒಂದು ಸಾಲಿನ ಉತ್ತರ, ಕ್ಯಾಲೆಂಡರ್. ಎಲ್ಲ ಸೇರಿ ಶಾಸಕರ ಆಪ್ತರ ಕೈಗೆ ಹಿಂದಿನ ದಿನವೇ ಕೊಟ್ಟಿದ್ದೆ, ಅದೂ ಒಂದೇ ಹಾಳೆಯ ಸಾರಾಂಶದ ಜೊತೆ. ದಪ್ಪ ಫೈಲನ್ನ ಯಾರೂ ಬಿಚ್ಚಲ್ಲ. ಒಳಗೆ ಕರೆಸಿದರು. ಕ್ಯಾಲೆಂಡರನ್ನ ಮೇಜಿನ ಮೇಲೆ ಹರಡಿದೆ, ಹಿಂಬದಿ ಮೇಲೆ ಮಾಡಿ. ಒಂದು ಕಡೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಆರೋಗ್ಯಾಧಿಕಾರಿ ಅದರ ಮೇಲೆ ನೀರಿನ ಬಾಟಲಿ ಇಟ್ಟು, ಕನ್ನಡಕ ತೆಗೆದು, ಪೆನ್ನಿನ ತುದಿಯಲ್ಲಿ ಒಂದೊಂದೇ ತಿಂಗಳು ಎಣಿಸಿದರು.

"ಈ ಅಂಕಿ ಎಲ್ಲಿಂದ ಬಂತು?"

"ನಿಮ್ಮದೇ ಪುಸ್ತಕ ಸರ್."

"ಮತ್ತೆ ಒಟ್ಟು ಹೆರಿಗೆ?"

"ಅದೂ ನಿಮ್ಮವರದೇ ಸರ್. ತಾಯಿ ಕಾರ್ಡಿನದು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಶಾಸಕರು ಗಾಡಿ ಬಾಡಿಗೆ ಲೆಕ್ಕ ನೋಡುತ್ತಿದ್ದರು. ಅವರು ಕೇಳಿದ್ದು ಒಂದೇ, "75 ಸಾವಿರ ಜನ ಕೊಟ್ರಾ?" ಹೌದು ಅಂದೆ. ತಾಲ್ಲೂಕು ಆಸ್ಪತ್ರೆಯಲ್ಲೂ ನರ್ಸ್ ಸಾಲಲ್ಲ ಅಂತ ಅಧಿಕಾರಿ ಹೇಳಿದರು. ಅದು ಸುಳ್ಳಲ್ಲ, ಅಲ್ಲಿ ಹೆರಿಗೆ ವಾರ್ಡಿನಲ್ಲಿ ಒಂದೇ ಮಂಚಕ್ಕೆ ಇಬ್ಬರನ್ನ ನಾನೇ ನೋಡಿದ್ದೇನೆ. "ನಮ್ಮ ಹತ್ತು ಹೆರಿಗೆ ನಾವೇ ಇಟ್ಕೊಂಡ್ರೆ ಅಲ್ಲಿ ಹತ್ತು ಮಂಚ ಖಾಲಿ ಆಗುತ್ತಲ್ಲ ಸರ್" ಅಂದೆ. ಇದನ್ನ ನಾನು ಹಿಂದಿನ ರಾತ್ರಿ ಕನ್ನಡಿ ಮುಂದೆ ನಾಲ್ಕು ಸಲ ಹೇಳಿ ನೋಡಿದ್ದೆ.

ಮೂರು ವಾರಕ್ಕೆ ಇಬ್ಬರ ನಿಯೋಜನೆ ರದ್ದಾಯಿತು. ಮೂರನೆಯ ಜಾಗಕ್ಕೆ ಗುತ್ತಿಗೆ ಮೇಲೆ ಒಬ್ಬರು ಬಂದರು. ಬ್ಯಾಟರಿ, ಚಿಲಕ ಮುಂಚೆಯೇ ಆಗಿದ್ದು ಒಳ್ಳೆಯದಾಯಿತು. ವಾಪಸ್ ಬಂದ ನರ್ಸ್ ಮೊದಲು ಹೋಗಿ ನೋಡಿದ್ದು ಹಿಂದಿನ ಬಾಗಿಲು. ಮೊದಲ ರಾತ್ರಿ ಹೆರಿಗೆ ಆಗಿದ್ದು ಗಣೇಶನ ಹಬ್ಬದ ಮಾರನೇ ವಾರ, ಬೆಳಗಿನ ಜಾವ ಮೂರರ ಹತ್ತಿರ. ಹೆಣ್ಣು ಮಗು. ಆಶಾ ನನಗೆ ಆಗಲೇ ಫೋನ್ ಮಾಡಿದರು. ನೋಟ್‌ಬುಕ್ಕಿನಲ್ಲಿ "ನಮ್ಮ ಆಸ್ಪತ್ರೆ" ಅಂತ ಪೆನ್ನಿನಲ್ಲಿ ಬರೆದಿದ್ದಾರಂತೆ.

ಹಳೇ ಮಟ್ಟಕ್ಕೆ ಇನ್ನೂ ಬಂದಿಲ್ಲ, ಅದನ್ನೂ ಹೇಳಬೇಕು. ತಿಂಗಳಿಗೆ 6, 7. ತಾಲ್ಲೂಕು ಆಸ್ಪತ್ರೆಗೆ ಹೋಗಿ ಅಭ್ಯಾಸ ಆದವರು ಅಲ್ಲಿಗೇ ಹೋಗುತ್ತಾರೆ. ಕಷ್ಟದ ಹೆರಿಗೆಗೆ ಹೋಗಲೇಬೇಕು, ನಮ್ಮಲ್ಲಿ ಆಪರೇಷನ್ ಇಲ್ಲ, ರಕ್ತ ಇಲ್ಲ. ನನ್ನ ಕೈಯಿಂದ ಹೋಗಿದ್ದು ಒಟ್ಟು 23 ಸಾವಿರದ ಹತ್ತಿರ: ಬಾಡಿಗೆ ಕಾರು ಎಂಟೂವರೆ, ವಕೀಲರು ಆರು, ಉಳಿದದ್ದು ಜೆರಾಕ್ಸು, ಟಪಾಲು, ಚಹಾ. ಅದರಲ್ಲಿ ಅರ್ಧ ಮೊದಲ ವರ್ಷದ ಕೂಗಾಟದ ಖರ್ಚು, ದಂಡ. ಕ್ಯಾಲೆಂಡರ್ ದಾರಿಗೆ ಬಿದ್ದ ಮೇಲೆ ತಿಂಗಳಿಗೆ 300, 400 ದಾಟಲಿಲ್ಲ. "ಆ ದುಡ್ಡಿಗೆ ಕಳೆ ಕೊಚ್ಚೋ ಮಿಷನ್ ಬರ್ತಿತ್ತು" ಅಂತ ಮನೆಯವರು ಈಗಲೂ ಹೇಳುತ್ತಾರೆ. ಮೊನ್ನೆ ಅವರ ತಂಗಿ ಮಗಳಿಗೆ ನೋವು ಬಂದಾಗ ಗಾಡಿ ತೆಗೆದಿದ್ದು ಮಾತ್ರ ನಮ್ಮ ಆಸ್ಪತ್ರೆ ಕಡೆಗೇ.

ಈ ತಿಂಗಳು ಲ್ಯಾಬ್ ಟೆಕ್ನಿಷಿಯನ್ ವಾರಕ್ಕೆ ಮೂರೇ ದಿನ ಬರುತ್ತಿದ್ದಾರೆ ಅಂತ ಸುದ್ದಿ. ಯಾರೂ ಏನೂ ಹೇಳಿಲ್ಲ, ಆದೇಶ ಕಂಡಿಲ್ಲ. ಹಳೇ ಕ್ಯಾಲೆಂಡರ್ ಇನ್ನೊಂದು ಇತ್ತು. ಹಿಂಬದಿಗೆ ಗೆರೆ ಎಳೆದಿದ್ದೇನೆ.